ಬೋಟಿನ ಮೋಟಾರಿನ ಪೆಟ್ರೋಲ್ ಮುಂದಿನ ಮಹಾಪೂರದತನಕ ಇಡಬೇಕೋ, ಖಾಲಿ ಮಾಡಬೇಕೋ?

ಹೊಳಿದಂಡಿ ಹುಡುಗ
ನಮಸ್ಕಾರ್ರಿ ಎಲ್ಲಾರಿಗೂ. ಜಮಖಂಡಿ ತಾಲ್ಲೂಕು, ಕೃಷ್ಣಾ ದಂಡಿ ಊರು ನಮ್ಮದು. ತರುಣ ಮಂಡಳದ್ದೊಂದು ಫೈಬರ್ ಬೋಟ್ ಐತಿ, ಹಿಂದ ಕಟ್ಟೂ 2 ಸ್ಟ್ರೋಕ್ ಮೋಟಾರು. ಕೊಯ್ನಾ ಡ್ಯಾಮಿನಿಂದ ನೀರು ಬಿಟ್ಟು ಹೊಳಿ ಬಂದಾಗಷ್ಟ ಅದಕ್ಕ ಕೆಲಸ. ದನಾ, ಮೇವು, ವಯಸ್ಸಾದವ್ರನ್ನ ಆಚಿ ದಂಡಿಗೆ ಮುಟ್ಟಸೂದು. ಸಪ್ಟೆಂಬರ್ ದಾಟ್ತಂದ್ರ ಗೋದಾಮಿನಾಗ ಮೂಲಿ ಹಿಡಿತೈತಿ, ಮತ್ತ ಮುಂದಿನ ಜುಲೈಕ್ಕ ಹೊರಗ ತಗಿಯೂದು.

ಈಗ ಟಾಕಿಯೊಳಗ ಆಯಿಲ್ ಕಲಸಿದ ಪೆಟ್ರೋಲ್ ಅರ್ಧ ಉಳದೈತಿ, ಅದನ್ನ ಬಿಟ್ಟು ಬ್ಯಾರೇ ಒಂದು ಕ್ಯಾನ್ ಸಾದಾ ಪೆಟ್ರೋಲ್ ಐತಿ. ಮಂಡಳದಾಗ ಎರಡು ಪಾರ್ಟಿ ಆಗ್ಯಾವ. ಟಾಕಿ ಗಂಟಲಮಟ ತುಂಬಿಸಿ ಇಡ್ರಿ, ತುಕ್ಕು ಹಿಡಿಯೂದಿಲ್ಲ ಅಂತಾರ ಒಬ್ರು. ಹನಿ ಬಿಡದಂಗ ಖಾಲಿ ಮಾಡ್ರಿ ಅಂತಾರ ಇನ್ನೊಬ್ರು. ಯೂಟ್ಯೂಬ್ ನೋಡಿದ್ರ ಬರೇ ಹಿಮಾ ಬೀಳೂ ದೇಶದವ್ರು, ಚಳಿಗಾಲಕ್ಕ ಹಂಗ ಮಾಡ್ರಿ ಹಿಂಗ ಮಾಡ್ರಿ ಅಂತಾರ. ನಮ್ಮಲ್ಲಿ ಏಪ್ರಿಲ್‌ದಾಗ ಪತ್ರಾಸ್ ಕಾದು ಕ್ಯಾನ್ ಉಬ್ಬಿ ಗಡಿಗಿ ಆಗಿರ್ತೈತಿ. ಗೊತ್ತಿದ್ದವ್ರು ಹೇಳ್ರಿ.

ಕಾರ್ಬುರೇಟರ್ ಕಾಕಾ
ಖಾಲಿ ಮಾಡು ತಮ್ಮಾ. ಎರಡನೇ ಮಾತಿಲ್ಲ.

ತಿಕೋಟಾ ದ್ರಾಕ್ಷಿ
ಕಾಕಾ, ಎಲ್ಲಾದಕ್ಕೂ ಒಂದ ಔಷಧ ಆಗೂದಿಲ್ಲ. ನಮ್ಮ ಸ್ಪ್ರೇ ಪಂಪಿಗೆ ಪ್ಲಾಸ್ಟಿಕ್ ಟಾಕಿ, ಖಾಲಿ ಮಾಡಿದ್ರ ನಡೀತದ. ಜನರೇಟರಿಗೆ ತಗಡಿನ ಟಾಕಿ ಅದ. ಖಾಲಿ ಬಿಟ್ರ ಮಳಿಗಾಲದಾಗ ಒಳಗ ತೇವ ಕುಂತು ಕೆಂಪು ಪುಡಿ ಉದರ್ತದ. ಆಮ್ಯಾಲ ಆ ಪುಡಿ ಫಿಲ್ಟರಿಗೆ, ಫಿಲ್ಟರಿನಿಂದ ಕಾರ್ಬುರೇಟರಿನ ಜೆಟ್ಟಿಗೆ, ಅಂದ್ರ ಪೆಟ್ರೋಲ್ ಹಾಯೂ ಸಣ್ಣ ತೂತಿಗೆ. ಮಾರ್ಚ್‌ದಾಗ ಮಾಲು ಇಳಿಸಿದ್ಮ್ಯಾಲ ನಾ ಜನರೇಟರ್ ಟಾಕಿ ತುಂಬಿಸೇ ಇಡ್ತೀನಿ, ಆದ್ರ ಕಾಕ್ ಬಂದ್ ಮಾಡಿ ಕಾರ್ಬುರೇಟರ್ ಒಣಗಿಸಿ ಇಡ್ತೀನಿ. ಏಪ್ರಿಲ್ ಚಾಟ್ನಿಗೆ (ದ್ರಾಕ್ಷಿ ಬಳ್ಳಿ ಕತ್ತರಿಸೂದು) ಒಂದ್ಸಲ ಹೊರಗ ಬರ್ತದ, ಅಕ್ಟೋಬರ್ ಚಾಟ್ನಿಗೆ ಮತ್ತೊಂದ್ಸಲ.

ಕಾರ್ಬುರೇಟರ್ ಕಾಕಾ
ತಗಡಿನ ಟಾಕಿ ಅಂತ ಅವ ಎಲ್ಲಿ ಹೇಳ್ಯಾನ? ಬೋಟಿನ ಟಾಕಿ ಕೆಂಪ ಪ್ಲಾಸ್ಟಿಕ್ಕಿಂದ ಇರತೈತಿ.

ಹೊಳಿದಂಡಿ ಹುಡುಗ
ಹೌದ್ರಿ ಕಾಕಾ, ಕೆಂಪ ಪ್ಲಾಸ್ಟಿಕ್. ಮ್ಯಾಲ ಮುಚ್ಚಳಕ್ಕ ಗಾಳಿ ಬಿಡೂ ಸಣ್ಣ ಸ್ಕ್ರೂ ಐತಿ.

ಕಾರ್ಬುರೇಟರ್ ಕಾಕಾ
ಆ ಸ್ಕ್ರೂ ಟೈಟ್ ಮಾಡೀರೇನು? ಅರ್ಧಾ ಮಂದಿ ಅದನ್ನ ತಗದಿದ್ದು ಮತ್ತ ಹಾಕೂದ ಇಲ್ಲ.

ಘಟಪ್ರಭಾ ಗಾಳ
ಈಗಿನ E20 ಪೆಟ್ರೋಲ್ (20 ಶೇಕಡಾ ಎಥೆನಾಲ್ ಅನ್ನೂ ಸ್ಪಿರಿಟ್ ಕಲಸಿದ್ದು) ಎರಡು ವಾರಕ್ಕ ನೀರ ಆಗ್ತೈತಿ ಬಿಡ್ರಿ. ಹದಿನೈದ ದಿನಕ್ಕ ಒಡದು ನೀರು ತಳಕ್ಕ, ಪೆಟ್ರೋಲ್ ಮ್ಯಾಲ. ಮೊದಲಿನ ಪೆಟ್ರೋಲ್ ವರ್ಷಗಟ್ಟಲೆ ಇಟ್ರೂ ಒಂದ ಜಗ್ಗಿಗೆ ಸ್ಟಾರ್ಟ್ ಆಗ್ತಿತ್ತು.

ಟಿಳಕವಾಡಿ ಮೇಷ್ಟ್ರು
ಈ ಮಾತು ಅರ್ಧ ಮಾತ್ರ ನಿಜ. ಎಥೆನಾಲ್ ತೇವ ಹೀರುತ್ತದೆ, ಸರಿ. ಆದರೆ ಬಿಗಿಯಾಗಿ ಮುಚ್ಚಿದ ಕ್ಯಾನಿನೊಳಗೆ ನೀರು ಎಲ್ಲಿಂದ ಬರಬೇಕು? 10 ಶೇಕಡಾ ಎಥೆನಾಲ್ ಇದ್ದ ಪೆಟ್ರೋಲು ಕೂಡ ಲೀಟರಿಗೆ ಸುಮಾರು ಒಂದು ಚಮಚ ನೀರನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ. 20 ಶೇಕಡಾ ಇದ್ದದ್ದು ಅದಕ್ಕಿಂತ ಹೆಚ್ಚು ತಾಳುತ್ತದೆ. ಬರೀ ಗಾಳಿಯ ತೇವದಿಂದ ಅಷ್ಟು ನೀರು ಹದಿನೈದು ದಿನದಲ್ಲಿ ಸೇರುವುದಿಲ್ಲ. ಪದರ ಒಡೆದಿದ್ದರೆ ಬಹುತೇಕ ಮುಚ್ಚಳದ ಸಂದಿಯಿಂದ ಮಳೆನೀರು ಇಳಿದಿರುತ್ತದೆ, ಇಲ್ಲವೇ ಕ್ಯಾನು ತೊಳೆದು ಒಣಗಿಸದೇ ತುಂಬಿರುತ್ತಾರೆ.

ನಿಮ್ಮ ಕಡೆ ನಿಜವಾದ ಕಳ್ಳ ಬಿಸಿಲು. ಪೆಟ್ರೋಲು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರಾದ ಪೆಂಟೇನ್ 36 ಡಿಗ್ರಿಗೇ ಕುದಿಯುತ್ತದೆ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಎಷ್ಟು ಡಿಗ್ರಿ ಇರುತ್ತದೆ ಅಂತ ನಾನು ಹೇಳಬೇಕಿಲ್ಲ. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಇದೇ ಹಗುರಾದ ಭಾಗ. ಮುಚ್ಚಳ ಸಡಿಲಿದ್ದರೆ ಮೊದಲು ಹಾರಿಹೋಗುವುದೂ ಅದೇ. ಉಳಿದ ಭಾರದ ಭಾಗ ಗಾಳಿಯ ಆಕ್ಸಿಜನ್ ಜೊತೆ ಸೇರಿ ಅಂಟಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಆಗುತ್ತದೆ. ಹೀಗಾಗಿ ಮಳೆ ಹೆಚ್ಚಿರುವ ಖಾನಾಪುರದವರಿಗೆ ಮಳೆಯ ಚಿಂತೆ, ನಿಮಗೆ ಬಿಸಿಲಿನ ಚಿಂತೆ. ಒಂದೇ ವಿಡಿಯೋ ನೋಡಿ ಇಬ್ಬರೂ ಒಂದೇ ಕೆಲಸ ಮಾಡುವುದು ಬೇಡ.

ಘಟಪ್ರಭಾ ಗಾಳ
ಮೇಷ್ಟ್ರೇ, ಪುಸ್ತಕದಾಗ ಹಂಗ ಇರಬೋದು. ನನ್ನ ಕಾರ್ಬುರೇಟರ್ ಬಟ್ಟಲದಾಗ ಬಿಳಿ ಪುಡಿ ಕುಂತಿತ್ತಲ್ಲ, ಅದೇನು ಬಿಸಿಲು ತಂದಿದ್ದೇನು?

ಟಿಳಕವಾಡಿ ಮೇಷ್ಟ್ರು
ಅದು ನೀರು ಹಿಡಿದ ಎಥೆನಾಲಿನದೇ ಕೆಲಸ, ಒಪ್ಪಿದೆ. ಬಟ್ಟಲದ ಅಲ್ಯೂಮಿನಿಯಂ, ಸತುವಿನ ಲೋಹ ತಿಂದು ಬಿಳಿ ಪುಡಿ ಬಿಡುತ್ತದೆ. ಬಟ್ಟಲ ಗಾಳಿಗೆ ತೆರೆದೇ ಇರುತ್ತದೆ, ಅದರಲ್ಲಿ ಇರುವುದು ಗುಟುಕು ಪೆಟ್ರೋಲು. ನಾನು ಹೇಳಿದ್ದು ಮುಚ್ಚಿದ ಕ್ಯಾನಿನ ಮಾತು.

ಕಾರ್ಬುರೇಟರ್ ಕಾಕಾ
ಮೇಷ್ಟ್ರು ಖರೇ ಹೇಳ್ಯಾರ. ನನ್ನ ಅಂಗಡಿಗೆ ಬರೂ ಮಷೀನದಾಗ ಟಾಕಿ ಕೆಟ್ಟದ್ದು ಕಮ್ಮಿ, ಬಟ್ಟಲ ಕೆಟ್ಟದ್ದ ಜಾಸ್ತಿ. ಮಳಿಗಾಲ ಶುರುವಾತಂದ್ರ ಮಷೀನು ಸಾಲಾಗಿ ಬರ್ತಾವ. ಬಟ್ಟಲ ಬಿಚ್ಚಿದ್ರ ತಳದಾಗ ಬೆಲ್ಲದ ಆಣದಂಥ ಅಂಟು, ಹಳೇ ವಾರ್ನಿಶ್ ವಾಸನಿ. ಜೆಟ್ ತಗದು ಬಿಸಿಲಿಗೆ ಹಿಡದ್ರ ತೂತ ಕಾಣೂದಿಲ್ಲ. ಕೂದಲೆಳಿ ಹೋಗೂ ಅಷ್ಟ ತೂತ ಅದು, ಅರ್ಧ ಮುಚ್ಚಿದ್ರೂ ಚೋಕ್ ಹಾಕಿದಾಗ ಓಡ್ತೈತಿ, ಚೋಕ್ ತಗದ್ರ ಬಂದ್ ಬೀಳ್ತೈತಿ. ಹಿಂಗ ಮಾಡಿದ್ರ ಜೆಟ್ ಕಟ್ಟೈತಿ ಅಂತ ತಿಳಕೋರಿ, ಪ್ಲಗ್ ಬದಲಿ ಮಾಡಿ ರೊಕ್ಕಾ ಕಳೀಬ್ಯಾಡ್ರಿ.

ಇನ್ನೊಂದು. ಜೆಟ್ಟಿಗೆ ಪಿನ್ನು, ಸೂಜಿ ಚುಚ್ಚಬ್ಯಾಡ್ರಿ. ಜೆಟ್ ಹಿತ್ತಾಳಿದು, ಸೂಜಿ ಉಕ್ಕಿಂದು. ತೂತ ದೊಡ್ಡದಾತಂದ್ರ ಪೆಟ್ರೋಲ್ ಕುಡಿಯಾಕ ಹತ್ತತೈತಿ. ವಾಯರದೊಳಗಿನ ತಾಮ್ರದ ಒಂದ ಎಳಿ ತಗೋರಿ, ಕಾರ್ಬ್ ಕ್ಲೀನರ್ ಹೊಡೀರಿ, ಗಾಳಿ ಹಾಕ್ರಿ. ಅಷ್ಟ ಸಾಕು.

ಮುಧೋಳ ಕಬ್ಬು
ಎಲ್ಲಾದಕ್ಕೂ E20 ಬೈಯೂದು ಬಿಡ್ರಿ. ನಮ್ಮ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಬ್ಬಿನಿಂದನ ಆ ಎಥೆನಾಲ್ ಬರೂದು. ಫ್ಯಾಕ್ಟರಿಗೆ ಅದರ ರೊಕ್ಕಾ ಬಂದ್ರ ಅಲ್ಲೇನು ನಮ್ಮ ಕಬ್ಬಿನ ಬಿಲ್ ಆಗೂದು.

ಘಟಪ್ರಭಾ ಗಾಳ
ಬಿಲ್ ಯಾವಾಗ ಆಗ್ತೈತಿ ಅಂತ ಮೊದಲ ಅದನ್ನ ಹೇಳ್ರಿ ಗೌಡ್ರ 😀

ಮುಧೋಳ ಕಬ್ಬು
ಅದು ಬ್ಯಾರೇ ಹಾಡು. ಅದನ್ನ ಹಾಡಾಕ ಕುಂತ್ರ ಬೆಳಗಾಗ್ತೈತಿ.

ನವನಗರದಾಕಿ
ನಮ್ಮ ಮನಿಯವ್ರು ಉಳಿದ ಪೆಟ್ರೋಲ್ ಕ್ಯಾನ್ ಅಡಗಿಮನಿ ಹಿಂದಿನ ಖೋಲಿಯೊಳಗ ಇಡ್ತಾರ. ಬ್ಯಾಡ ಅಂದ್ರ, ಮುಚ್ಚಳಾ ಗಟ್ಟಿ ಐತಿ ಬಿಡು ಅಂತಾರ. ಇದು ಸರಿ ಏನ್ರಿ?

ಟಿಳಕವಾಡಿ ಮೇಷ್ಟ್ರು
ಅಕ್ಕಾರೇ, ಸುತಾರಾಂ ಸರಿಯಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲಕ್ಕೆ ಹರಡಿ ಬಾಗಿಲ ಸಂದಿಯಿಂದ ತೆವಳಿಕೊಂಡು ಪಕ್ಕದ ಕೋಣೆಗೆ ಬರುತ್ತದೆ. ಒಲೆ, ದೇವರ ದೀಪ, ಫ್ರಿಜ್ ಕಂಪ್ರೆಸರಿನ ಕಿಡಿ, ಯಾವುದಾದರೂ ಸಾಕು. ಮನೆಯಿಂದ ಬೇರೆಯಾಗಿ, ನೆರಳಿರುವ, ಗಾಳಿಯಾಡುವ ಜಾಗ ಬೇಕು.

ಕಾನೂನೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲು 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಗಾಜಿನದಾದರೆ ಪಾತ್ರೆ ಒಂದು ಲೀಟರಿಗಿಂತ ದೊಡ್ಡದಿರಬಾರದು, ಲೋಹದ್ದಾದರೆ 25 ಲೀಟರಿಗಿಂತ ದೊಡ್ಡದಿರಬಾರದು, ಮುಚ್ಚಳ ಬಿಗಿಯಾಗಿರಬೇಕು. ಪ್ಲಾಸ್ಟಿಕ್ಕಿನ ಎಣ್ಣೆಡಬ್ಬಿ, ನೀರಿನ ಬಾಟಲಿ ಅದರಲ್ಲಿ ಬರುವುದಿಲ್ಲ.

ನವನಗರದಾಕಿ
ಇದನ್ನ ಹಂಗ ಅವ್ರ ವಾಟ್ಸಾಪಿಗೆ ಹಾಕ್ತೀನಿ. ನಾ ಹೇಳಿದ್ರ ಕೇಳೂದಿಲ್ಲ, ಮೇಷ್ಟ್ರು ಹೇಳಿದ್ರ ಕೇಳ್ತಾರ.

ಸಿಂದಗಿ ಸಿದ್ರಾಮ
30 ಲೀಟರ್ ಇಡಾಕ ಬರ್ತದ ಅಂತ ಕಾಯ್ದೆ ಹೇಳಲಿ, ಪಂಪಿನವ್ರು ಕ್ಯಾನಿಗೆ ಹಾಕಬೇಕಲ್ಲ? ಮೊನ್ನೆ ಕ್ಯಾನ್ ಒಯ್ದ್ರ ಹಾಕೂದಿಲ್ಲ ಅಂದ. ಸ್ಪ್ರೇ ಪಂಪು ಗಾಡಿ ಮ್ಯಾಗ ಹೊತ್ಕೊಂಡು ಬರಬೇಕೇನು ಅಂತ ಕೇಳ್ದೆ. ಬರ್ರಿ ಅಂದ!

ತಿಕೋಟಾ ದ್ರಾಕ್ಷಿ
ಪ್ಲಾಸ್ಟಿಕ್ ಕ್ಯಾನ್ ಒಯ್ದಿರಬೇಕು ನೀವು. ತಗಡಿನ ಜೆರಿಕ್ಯಾನ್ ತಗೊಂಡು ಹೋಗ್ರಿ, ಪರಿಚಯದ ಪಂಪಿಗೆ ಹೋಗ್ರಿ. ಕ್ಯಾನ್ ಗಾಡಿ ಮ್ಯಾಲ ಇಟ್ಟು ತುಂಬಿಸಬ್ಯಾಡ್ರಿ, ನೆಲದ ಮ್ಯಾಲ ಇಡ್ರಿ, ಕಿಡಿ ಹಾರೂದು ತಪ್ಪತದ. ಗಂಟಲಮಟ ತುಂಬಸೂದೂ ಬ್ಯಾಡ. ಬಿಸಿಲಿಗೆ ಪೆಟ್ರೋಲ್ ಹಿಗ್ಗತದ, ಅದಕ್ಕ ಮ್ಯಾಲ ಸ್ವಲ್ಪ ಜಾಗಾ ಬೇಕು.

ಬೆಂಗಳೂರು ಸೇರಿದ ಬಾದಾಮಿ
ಎಥೆನಾಲ್ ತೆಗೆಯೋದು ಸುಲಭ ಅಂತ ಒಂದು ರೀಲ್ ನೋಡಿದೆ. ಪೆಟ್ರೋಲಿಗೆ ನೀರು ಹಾಕಿ ಅಲುಗಾಡಿಸಿ ಬಿಟ್ಟರೆ ಎಥೆನಾಲ್ ನೀರಿನ ಜೊತೆ ತಳಕ್ಕೆ ಹೋಗುತ್ತೆ, ಮೇಲಿನದ್ದು ಶುದ್ಧ ಪೆಟ್ರೋಲು, ವರ್ಷಗಟ್ಟಲೆ ಇಡಬಹುದು ಅಂತೆ. ಯಾರಾದ್ರೂ ಮಾಡಿದ್ದೀರಾ?

ಟಿಳಕವಾಡಿ ಮೇಷ್ಟ್ರು
ಪರೀಕ್ಷೆಗೆ ಮಾಡಬಹುದು, ಎಂಜಿನ್ನಿಗೆ ಹಾಕಲಿಕ್ಕೆ ಬೇಡ. 100 ಎಂ.ಎಲ್. ಗೆರೆ ಇರುವ ಗಾಜಿನ ನಳಿಕೆಗೆ 10ರ ತನಕ ನೀರು, ಅದರ ಮೇಲೆ 100ರ ತನಕ ಪೆಟ್ರೋಲು ಹಾಕಿ, ಅಲುಗಾಡಿಸಿ ನಿಲ್ಲಿಸಿ. 20 ಶೇಕಡಾ ಎಥೆನಾಲ್ ಇದ್ದರೆ ತಳದ ಪದರ 10ರಿಂದ ಏರಿ 28ರ ಸುಮಾರಿಗೆ ಬಂದು ನಿಲ್ಲುತ್ತದೆ. ಬಯಲಲ್ಲಿ ಮಾಡಿ, ಹತ್ತಿರ ಬೀಡಿ ಇಲ್ಲದಂತೆ ನೋಡಿಕೊಳ್ಳಿ.

ಆದರೆ ಮೇಲೆ ಉಳಿದದ್ದು ಹಳೆಯ ಕಾಲದ ಪೆಟ್ರೋಲು ಅಲ್ಲ. ಎಥೆನಾಲಿನ ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣ) ಹೆಚ್ಚು, ಅದನ್ನು ಲೆಕ್ಕ ಹಿಡಿದೇ ಮಿಶ್ರಣ ಮಾಡಿರುತ್ತಾರೆ. ಎಥೆನಾಲ್ ತೆಗೆದರೆ ಆಕ್ಟೇನ್ ಇಳಿಯುತ್ತದೆ, ಎಂಜಿನ್ ಬಡಿಯುತ್ತದೆ. ತೊಳೆದ ಪೆಟ್ರೋಲಿನಲ್ಲಿ ನೀರಿನ ಅಂಶ ಬೇರೆ ಉಳಿಯುತ್ತದೆ.

ಕಾರ್ಬುರೇಟರ್ ಕಾಕಾ
ರೀಲ್ ನೋಡಿ ಮಷೀನ್ ಕೆಡಿಸ್ಕೊಂಡು ನನ್ನ ಕಡೆ ಬರ್ರಿ. ನನಗೂ ಹೊಟ್ಟಿ ಐತಿ.

ಆಲಮಟ್ಟಿ ಹಿನ್ನೀರು
ಬೋಟಿನ ಮಾತು ಬಿಟ್ಟು ಎಲ್ಲೆಲ್ಲೋ ಹೊಂಟೀರಿ. ನಾವು ಹಿನ್ನೀರಿನಾಗ ಮೀನ ಹಿಡಿಯವ್ರು, ಮೋಟಾರಿನ ಜೋಡಿ ಬಾಳೇವು ಮಾಡ್ತೀವಿ, ನನ್ನ ಮಾತ ಕೇಳ್ರಿ.

ಮೊದಲ್ನೇದು, ಆಯಿಲ್ ಕಲಸಿದ ಪೆಟ್ರೋಲ್ ಇಡಲೇಬಾರದು. 2 ಸ್ಟ್ರೋಕಿಗೆ ಒಳಗಿನ ಬೇರಿಂಗು, ಪಿಸ್ಟನ್ ನೆನೆಯೂದು ಆ ಆಯಿಲಿನಿಂದ. ಪೆಟ್ರೋಲ್ ಒಡದು ಎರಡ ಪದರ ಆತಂದ್ರ ಆಯಿಲ್ ಮ್ಯಾಲಿನ ಪೆಟ್ರೋಲಿನಾಗ ಉಳಿತೈತಿ, ತಳದಾಗ ಬರೇ ನೀರು-ಎಥೆನಾಲ್. ಟಾಕಿಯೊಳಗಿನ ಪೈಪು ತಳದಿಂದ ಎಳೀತೈತಿ. ಆಯಿಲ್ ಇಲ್ಲದ್ದು ಒಳಗ ಹೋತಂದ್ರ ನಡು ಹೊಳ್ಯಾಗ ಮೋಟಾರು ಜಾಮ್. ಪ್ರವಾಹದಾಗ ಮಂದಿ ಕುಂತಾಗ ಹಂಗ ಆದ್ರ ಏನ ಮಾಡ್ತೀರಿ?

ಎರಡನೇದು, ನೀವೆಲ್ಲಾ ಪೆಟ್ರೋಲಿನ ಮ್ಯಾಲ ಜಗಳಾ ಆಡಾಕತ್ತೀರಿ, ರಾಡಿ ಮರತೀರಿ. ಮಹಾಪೂರದ ನೀರಂದ್ರ ಕೆಂಪ ರಾಡಿ. ಅದ ನೀರು ಮೋಟಾರು ತಣ್ಣಗ ಮಾಡಾಕ ಒಳಗ ಹೋಗಿರ್ತೈತಿ. ಹಂಗ ಇಟ್ರ ಒಣಗಿ ಕಲ್ಲಾಗತೈತಿ. ಬ್ಯಾರಲ್ಲಿಗೆ ಬಾವಿ ನೀರು ತುಂಬ್ರಿ, ಮೋಟಾರಿನ ಕೆಳಗಿನ ನೀರು ಎಳಿಯೂ ಜಾಳಗಿ ಪೂರ್ತಿ ಮುಳುಗೂವಂಗ ನಿಲ್ಲಸ್ರಿ, ಓಡಸ್ರಿ. ನೀರಿಲ್ಲದ ಒಣಾ ಓಡಸಬ್ಯಾಡ್ರಿ, ಒಳಗ ನೀರು ಎಳಿಯೂ ರಬ್ಬರ್ ಇಂಪೆಲ್ಲರ್ ಸುಟ್ಟ ಹೋಗತೈತಿ. ಹಿಂದಿನಿಂದ ಬರೂ ನೀರಿನ ಧಾರಿ ತಿಳಿ ಆಗೂತನಕ ಓಡ್ಲಿ. ಆಮ್ಯಾಲ ಪೆಟ್ರೋಲ್ ಪೈಪ್ ಕಿತ್ತು ಐಡಲ್ ಮ್ಯಾಲ ಬಿಡ್ರಿ, ತಾನ ಬಂದ್ ಆಗತೈತಿ.

ಕಾರ್ಬುರೇಟರ್ ಕಾಕಾ
ಒಂದ ಮಾತಿಗೆ ನನ್ನ ತಕರಾರ ಐತಿ. 2 ಸ್ಟ್ರೋಕನ್ನ ಒಣಗೂತನಕ ಓಡಿಸಿದ್ರ ಕಡೀಗೆ ಪೆಟ್ರೋಲ್ ಕಮ್ಮಿಯಾಗಿ ಅದರ ಜೋಡಿ ಆಯಿಲೂ ಸಿಗೂದಿಲ್ಲ. ಬಟ್ಟಲದ ತಳದ ಸ್ಕ್ರೂ ಬಿಚ್ಚಿ ಇಳಿಸೂದ ಬೇಷ್.

ಆಲಮಟ್ಟಿ ಹಿನ್ನೀರು
ಅದಕ್ಕ ಐಡಲ್ ಅಂದೆ ಕಾಕಾ. ರೇಸ್ ಮಾಡಿದ್ರ ನಿಮ್ಮ ಮಾತು ಖರೇ.

ಕಾರ್ಬುರೇಟರ್ ಕಾಕಾ
ಐಡಲ್ ಮಾಡಿ, ಆಮ್ಯಾಲ ಸ್ಕ್ರೂನೂ ಬಿಚ್ಚಿ. ಎರಡೂ ಮಾಡಿದ್ರ ಯಾರ ಅಪ್ಪಂದೂ ಹೋಗೂದಿಲ್ಲ. ಆಮ್ಯಾಲ ಪ್ಲಗ್ ತಗದು ತೂತಿನಾಗ ಸ್ವಲ್ಪ 2ಟಿ ಆಯಿಲ್ (2 ಸ್ಟ್ರೋಕಿನ ಆಯಿಲ್) ಬಿಡು, ಹಗ್ಗ ಸಾವಕಾಶ ಒಂದೆರಡ ಸಲ ಜಗ್ಗು, ಪ್ಲಗ್ ಹಾಕು. ಗೇರ್ ಆಯಿಲೂ ಈಗ ಬದಲಿ ಮಾಡು, ಜುಲೈಕ್ಕ ಅಲ್ಲ. ಹಾಲಿನಂಗ ಬೆಳ್ಳಗ ಬಂತಂದ್ರ ಸೀಲ್ ಹೋಗಿ ನೀರು ಸೇರೈತಿ ಅಂತ ತಿಳಕೊ.

ಕಳೆ ಮಷೀನು, ಗರಗಸಕ್ಕ ಬಟ್ಟಲ ಇರೂದಿಲ್ಲ, ಒಳಗ ಪರದಾ ಇರ್ತೈತಿ. ಅವಕ್ಕ ಟಾಕಿ ಖಾಲಿ ಮಾಡಿ, ಓಡಿಸಿ ಬಂದ್ ಬೀಳಸ್ರಿ, ಪೆಟ್ರೋಲ್ ಎಳಿಯೂ ರಬ್ಬರ್ ಗುಳ್ಳಿ ಒತ್ತಿ ಒತ್ತಿ ಉಳದದ್ದು ತಗೀರಿ. ಹಳೇ ಮಷೀನಿನ ಪರದಾ, ರಬ್ಬರ್ ಪೈಪು ಎಥೆನಾಲಿಗೆ ಉಬ್ಬತಾವ.

ಸಿಂದಗಿ ಸಿದ್ರಾಮ
ಟಾಕಿಯಿಂದ ಪೆಟ್ರೋಲ್ ತಗ್ಯಾಕ ಬಾಯಿಲೆ ಪೈಪ್ ಎಳದ್ರ ಆತಲ್ಲ.

ನವನಗರದಾಕಿ
ಬ್ಯಾಡೋ ತಮ್ಮಾ. ನಮ್ಮ ಓಣಿ ಹುಡುಗೊಬ್ಬ ಹಂಗ ಎಳಿಯಾಕ ಹೋಗಿ ಗಂಟಲದಾಗ ಇಳದು ಆಸ್ಪತ್ರಿಗೆ ಒಯ್ದಿದ್ರು. ಫುಪ್ಪುಸಕ್ಕ ಹೋದ್ರ ನಿಮೋನಿಯಾ ಆಗತೈತಿ. ವಾಂತಿ ಮಾಡಸಬಾರದು ಅಂತ ಡಾಕ್ಟರ್ ಬಯ್ದಿದ್ರು, ವಾಂತಿಯೊಳಗ ಮತ್ತ ಒಳಗ ಹೋಗತೈತೆಂತ.

ಆಲಮಟ್ಟಿ ಹಿನ್ನೀರು
ಬೋಟಿನ ಪೈಪಿನ ನಡುವ ಕೈಲೆ ಹಿಚಕೂ ಬಲ್ಬ್ ಇರ್ತೈತಿ, ಅದರಲೇ ಕ್ಯಾನಿಗೆ ಇಳಿಸಬಹುದು.

ಹೊಳಿದಂಡಿ ಹುಡುಗ
ಭಾರೀ ಮಾಹಿತಿ ಸಿಕ್ತ್ರಿ. ಒಂದ ಗೊಂದಲ ಉಳದೈತಿ. ಎಲ್ಲಾ ಖಾಲಿ ಮಾಡಿ ಇಟ್ವಿ ಅಂತ ತಿಳಕೋರಿ. ರಾತ್ರೋರಾತ್ರಿ ಹೊಳಿ ಬಂತಂದ್ರ ಪೆಟ್ರೋಲ್ ಎಲ್ಲಿಂದ ತರೂದು? 2019ರಾಗ ಸೇತುವಿ ಮುಳುಗಿ ದಾರಿ ಬಂದ್ ಆಗಿತ್ತು, ಪಂಪಿಗೆ ಹೋಗಾಕ ಬೋಟ್ ಬೇಕಾಗಿತ್ತು, ಬೋಟಿಗೆ ಪೆಟ್ರೋಲ್ ಬೇಕಾಗಿತ್ತು.

ತಿಕೋಟಾ ದ್ರಾಕ್ಷಿ
ಸ್ಟೆಬಿಲೈಸರ್ ಅಂತ ಬಾಟಲಿ ಆನ್‌ಲೈನ್ ಸಿಗ್ತದ. ತಾಜಾ ಪೆಟ್ರೋಲಿಗೆ ಹಾಕಿ ಸ್ವಲ್ಪ ಹೊತ್ತು ಎಂಜಿನ್ ಓಡಸಬೇಕು, ಕಾರ್ಬುರೇಟರ್‌ತನಕ ಹೋಗ್ಲಿ ಅಂತ. ಹಳಸಿದ ಪೆಟ್ರೋಲಿಗೆ ಹಾಕಿದ್ರ ಹೊಸಾದು ಆಗೂದಿಲ್ಲ. ತುಟ್ಟಿ ಅದ.

ಘಟಪ್ರಭಾ ಗಾಳ
ನೂರು ಆಕ್ಟೇನಿನ ತುಟ್ಟಿ ಪೆಟ್ರೋಲ್ ತರ್ರಿ, ಅದರಾಗ ಎಥೆನಾಲ್ ಇರೂದಿಲ್ಲಂತ.

ಮುಧೋಳ ಕಬ್ಬು
ಅದು ನಿಮ್ಮ ಘಟಪ್ರಭಾ ಪಂಪಿನಾಗ ಸಿಗತೈತೇನು? ಮಂಡಳದ ಹುಡುಗರಿಗೆ ಸಾದಾ ಪೆಟ್ರೋಲಿಗೆ ಪಟ್ಟಿ ಎತ್ತೂದ ಸಾಕಾಗೈತಿ.

ಆಲಮಟ್ಟಿ ಹಿನ್ನೀರು
ಯಾವ ಬಾಟಲಿನೂ ಬ್ಯಾಡ, ತುಟ್ಟಿ ಪೆಟ್ರೋಲೂ ಬ್ಯಾಡ. ತಿರುಗಸೂದು ಕಲೀರಿ. 20 ಲೀಟರಿನ ತಗಡಿನ ಜೆರಿಕ್ಯಾನ್ ಒಂದು ತಗೋರಿ. ಸಾದಾ ಪೆಟ್ರೋಲ್ ತುಂಬ್ರಿ, ಆಯಿಲ್ ಕಲಸಬ್ಯಾಡ್ರಿ, ಆಯಿಲ್ ಬಾಟಲಿ ಪಕ್ಕಕ್ಕ ಬ್ಯಾರೇ ಇಡ್ರಿ. ಕ್ಯಾನಿನ ಮ್ಯಾಲ ತುಂಬಿದ ತಾರೀಕು ಬರೀರಿ. ಎರಡು ತಿಂಗಳಿಗೊಮ್ಮಿ ಅದನ್ನ ಮಂಡಳದ ಹುಡುಗರ ಬೈಕಿಗೆ ಹಾಕಿ ಖಾಲಿ ಮಾಡ್ರಿ, ಅಷ್ಟ ರೊಕ್ಕಾ ಅವರ ಕಡೆಯಿಂದ ತಗೊಂಡು ಹೊಸಾದು ತುಂಬ್ರಿ. ಬ್ಯಾಸಗ್ಯಾಗ ತಿಂಗಳಿಗೊಮ್ಮಿ. ಹೊಳಿ ಬಂದ ದಿನ ಬೇಕಾದಷ್ಟ ಕಲಸ್ರಿ. 50ಕ್ಕ 1 ಅಂದ್ರ ಲೀಟರಿಗೆ 20 ಎಂ.ಎಲ್. ಆಯಿಲ್. ನಿಮ್ಮ ಮೋಟಾರಿಗೆ ಎಷ್ಟು ಅಂತ ಅದರ ಪುಸ್ತಕ ನೋಡ್ರಿ, ಹಳೇವು ಕೆಲವಕ್ಕ 25ಕ್ಕ 1 ಬೇಕು.

ಕ್ಯಾನ್ ತಿರುಗಿಸೂ ದಿನಾನ ಬ್ಯಾರಲ್ಲಿನ್ಯಾಗ ಮೋಟಾರು ಐದ ನಿಮಿಷ ಓಡಸ್ರಿ, ಮತ್ತ ಒಣಗಸ್ರಿ. ಇಂಪೆಲ್ಲರಿನ ರಬ್ಬರ್ ಒಂದ ಕಡೆ ಬಾಗಿ ಕುಂತ್ಕೊಳ್ಳೂದಿಲ್ಲ.

ಟಿಳಕವಾಡಿ ಮೇಷ್ಟ್ರು
ಇದು ಅಚ್ಚುಕಟ್ಟಾದ ವ್ಯವಸ್ಥೆ. ನಾನು ಬರೆದದ್ದಕ್ಕಿಂತ ಉಪಯೋಗದ್ದು.

ಹೊಳಿದಂಡಿ ಹುಡುಗ
ಈಗ ಉಳದಿರೂ ಆಯಿಲ್ ಕಲಸಿದ್ದು ಏನ ಮಾಡ್ಲಿ? ಬೈಕಿಗೆ ಹಾಕ್ಲೇನು?

ಕಾರ್ಬುರೇಟರ್ ಕಾಕಾ
ಹೊಸಾ ಹೊಗಿ ನಿಯಮದ ಬಿಎಸ್6 ಬೈಕಿಗೆ ಹಾಕಬ್ಯಾಡ, ಸೈಲೆನ್ಸರಿನಾಗಿನ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗತೈತಿ. ಗಾಜಿನ ಬಾಟಲ್ಯಾಗ ಸ್ವಲ್ಪ ಹಿಡದು ನೋಡು. ತಿಳಿ ಐತಿ, ಪದರ ಒಡದಿಲ್ಲಂದ್ರ ಕಳೆ ಮಷೀನಿಗೆ, ಸ್ಪ್ರೇ ಪಂಪಿಗೆ ಈ ವಾರನ ಸುಟ್ಟು ಮುಗಸ್ರಿ. ಆದ್ರ ಅವಕ್ಕ ಎಷ್ಟು ಆಯಿಲ್ ಬೇಕು ನೋಡ್ಕೋ, ಕಮ್ಮಿ ಇದ್ರ ಮತ್ತಷ್ಟು ಕಲಸು. ಒಡದಿದ್ರ ಯಾವ ಎಂಜಿನ್ನಿಗೂ ಬ್ಯಾಡ.

ಸಿಂದಗಿ ಸಿದ್ರಾಮ
ಒಡದಿದ್ರ ಗಟಾರಕ್ಕ ಚೆಲ್ಲಿದ್ರ ಮುಗೀತು.

ಆಲಮಟ್ಟಿ ಹಿನ್ನೀರು
ಗಟಾರದ ನೀರು ಹೊಳಿಗೆ ಬರ್ತೈತಿ ಸಿದ್ರಾಮಣ್ಣ, ಆ ಹೊಳ್ಯಾಗ ನಮ್ಮ ಬಲೆ ಐತಿ. ಗ್ಯಾರೇಜಿನವ್ರು ಹಳೇ ಆಯಿಲ್ ಕೂಡಿಡ್ತಾರಲ್ಲ, ಅವರನ್ನ ಕೇಳು.

ಕಾರ್ಬುರೇಟರ್ ಕಾಕಾ
ನನ್ನ ಕಡೆ ತರ್ಲಿ, ಆದ್ರ ಆಯಿಲಿನ ಬ್ಯಾರಲ್ಲಿಗೆ ಸುರವಾಕ ಬಿಡೂದಿಲ್ಲ. ಪೆಟ್ರೋಲ್ ಕೂಡಿದ್ರ ಬೆಂಕಿ ಜಲ್ದಿ ಹತ್ತತೈತಿ. ಅದಕ್ಕ ಬ್ಯಾರೇ ಡಬ್ಬಿ ಇಟ್ಟೀನಿ.

ಹೊಳಿದಂಡಿ ಹುಡುಗ
ಬಾಟಲ್ಯಾಗ ಹಿಡದು ನೋಡಿದ್ವಿ. ತಿಳೀನ ಐತಿ, ಹಸಿರು ಆಯಿಲ್ ಬಣ್ಣ ಹಂಗ ಐತಿ. ನಾಳಿ ಎರಡು ಕಳೆ ಮಷೀನ್ ತರಸಿ ಶಾಲಿ ಮೈದಾನದ ಕಸಾ ಕೊಯ್ದು ಮುಗಸ್ತೀವಿ. ಜೆರಿಕ್ಯಾನಿಗೆ ರೊಕ್ಕಾ ಯಾರು ಕೊಡಬೇಕು ಅನ್ನೂದರ ಮ್ಯಾಲ ಈಗ ಮಂಡಳದಾಗ ಹೊಸಾ ಜಗಳ ಹತ್ತೈತಿ.

ಮುಧೋಳ ಕಬ್ಬು
ಗಣಪತಿ ಪಟ್ಟಿ ಉಳದಿರಬೇಕಲ್ಲ, ಖಜಾಂಚಿನ ಹಿಡೀರಿ.